ವ್ಯಾಪಾರದ ಸ್ಥಳ: ಹೊಂಗೆ ಮರದ ಕೆಳಗೆ

2020ರ ಮಳೆಗಾಲದಲ್ಲಿ ನಾನಿನ್ನೂ ಬ್ಯಾಂಕ್ ಕೆಲಸದಲ್ಲಿದ್ದೆ. ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಸಾಲ ತಂದಿತ್ತು. ಮೊದಲ ಸಲ 10,000 ರೂಪಾಯಿ. ಅಡಮಾನ ಬೇಡ. ಒಂದು ವರ್ಷದಲ್ಲಿ ತೀರಿಸಬೇಕು. ಸರಿಯಾಗಿ ಕಟ್ಟಿದವರಿಗೆ ಶೇಕಡ 7ರಷ್ಟು ಬಡ್ಡಿ ಸಹಾಯಧನ. ನನ್ನ ಕೌಂಟರಿನ ಮುಂದೆ ದಿನಾ ಏಳೆಂಟು ಜನ ಬಂದು ನಿಲ್ಲುತ್ತಿದ್ದರು. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್ ಕಾರ್ಡು, ಪಾಸ್‌ಬುಕ್ಕು.

ಬರೆದುಕೊಳ್ಳಬೇಕಾದ ವಿವರಗಳಲ್ಲಿ ‘ವ್ಯಾಪಾರದ ಸ್ಥಳ’ ಅಂತ ಒಂದು ಇತ್ತು. ಅದಕ್ಕೆ ಅವರು ಹೇಳುತ್ತಿದ್ದ ಉತ್ತರಗಳು ಇವತ್ತಿಗೂ ನೆನಪಿವೆ. “ಗಣಪತಿ ಗುಡಿ ಎದುರುಗಡೆ.” “ಸ್ಕೂಲ್ ಗೇಟಿನ ಎಡಗಡೆ.” “ಟ್ರಾನ್ಸ್‌ಫಾರ್ಮರ್ ಪಕ್ಕ ಮೇಡಂ, ಮಳೆ ಬಂದ್ರೆ ಎದುರಂಗಡಿ ಸಜ್ಜಾ ಕೆಳಗೆ.” ಡೋರ್ ನಂಬರ್ ಹೇಳಿ ಅಂತ ನಾನು ಕೇಳುತ್ತಿದ್ದೆ. ಬಾಗಿಲೇ ಇಲ್ಲದ ಅಂಗಡಿಯವರು ಡೋರ್ ನಂಬರ್ ಎಲ್ಲಿಂದ ತರಬೇಕು? ಅವರು ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ರಸ್ತೆ ಹೆಸರಷ್ಟೇ ಬರೆದು ಮುಂದಿನವರನ್ನು ಕರೆಯುತ್ತಿದ್ದೆ.

ಆ ಉತ್ತರಗಳಲ್ಲೇ ಎಲ್ಲ ಇತ್ತು. ಅದು ನನಗೆ ಅರ್ಥವಾಗಲು ಇನ್ನೂ ಮೂರು ವರ್ಷ ಬೇಕಾಯಿತು.

2021ರಲ್ಲಿ ನಿವೃತ್ತಿ ಆಯಿತು. ಅದಾದ ಎರಡು ವರ್ಷಕ್ಕೆ ಮಂಡಿ ನೋವು ಶುರುವಾಗಿ ಡಾಕ್ಟರು ದಿನಾ ನಡೆಯಿರಿ ಅಂದರು. ಸ್ಕೂಟರ್ ಮಾರಿಬಿಟ್ಟೆ. ನಮ್ಮ ಮನೆ ಇರುವುದು ಮೈಸೂರಿನ ಚಾಮುಂಡಿಪುರಂನಲ್ಲಿ. ನಂಜುಮಳಿಗೆ ಸರ್ಕಲ್‌ಗೆ ನಿಧಾನವಾಗಿ ನಡೆದರೂ ಹತ್ತೇ ನಿಮಿಷ. ಆದರೆ ಅಲ್ಲಿಯವರೆಗೆ ನಾನು ಅಲ್ಲಿ ತರಕಾರಿ ಕೊಂಡಿದ್ದು ಕಡಿಮೆ. ಭಾನುವಾರ ದೊಡ್ಡ ಅಂಗಡಿಗೆ ಹೋಗಿ ವಾರಕ್ಕಾಗುವಷ್ಟು ತಂದು ಫ್ರಿಜ್ಜಿಗೆ ತುಂಬುತ್ತಿದ್ದೆ. ಶುಕ್ರವಾರದ ಹೊತ್ತಿಗೆ ಕೊತ್ತಂಬರಿ ಕಪ್ಪಾಗಿರುತ್ತಿತ್ತು. ಬೀನ್ಸ್ ಬತ್ತಿರುತ್ತಿತ್ತು. ಅದನ್ನೆಲ್ಲ ಹಸಿ ಕಸದ ಬಕೆಟ್ಟಿಗೆ ಹಾಕುವಾಗ ಮನಸ್ಸಿಗೆ ಒಂಥರಾ ಆಗುತ್ತಿತ್ತು, ಮತ್ತೆ ಭಾನುವಾರ ಅದೇ ಕಥೆ.

ನಡೆಯಲು ಶುರು ಮಾಡಿದ ಮೊದಲ ವಾರದಲ್ಲೇ ಸೊಪ್ಪಿನವ್ವ ಸಿಕ್ಕರು. ಸಿಕ್ಕರು ಅಂದರೆ, ಅವರು ಅಲ್ಲೇ ಇದ್ದರು. ನಾನು ಇಪ್ಪತ್ತು ವರ್ಷ ಅವರ ಮುಂದೆಯೇ ಗಾಡಿ ಓಡಿಸಿಕೊಂಡು ಹೋಗಿದ್ದೆ.

ಒಂದು ಹೊಂಗೆ ಮರ. ಅದರ ಬುಡಕ್ಕೆ ಒರಗಿಸಿ ಇಟ್ಟ ಎರಡು ಮಂಕರಿ. ಮುಂದೆ ನೀಲಿ ಟಾರ್ಪಾಲು, ಅದರ ಮೇಲೆ ಒದ್ದೆ ಗೋಣಿಚೀಲ, ಚೀಲದ ಮೇಲೆ ಸೊಪ್ಪಿನ ಕಟ್ಟುಗಳು ಬೇರು ಒಳಗೆ, ಎಲೆ ಹೊರಗೆ ಮಾಡಿ ಸುತ್ತ ಜೋಡಿಸಿರುತ್ತವೆ. ಅವುಗಳ ಮೇಲೆ ಇನ್ನೊಂದು ಒದ್ದೆ ಗೋಣಿ. ಗಿರಾಕಿ ಬಂದಾಗ ಮೇಲಿನ ಗೋಣಿಯ ಒಂದು ಮೂಲೆ ಎತ್ತುತ್ತಾರೆ, ಕಟ್ಟು ತೆಗೆಯುತ್ತಾರೆ, ಮತ್ತೆ ಮುಚ್ಚುತ್ತಾರೆ. ಪಕ್ಕದಲ್ಲಿ ಒಂದು ಹಳೆಯ ಸ್ಟೀಲ್ ಚೊಂಬು. ಅರ್ಧ ಗಂಟೆಗೊಮ್ಮೆ ಚೊಂಬಿನಿಂದ ನೀರು ತೆಗೆದು ಬೆರಳ ತುದಿಯಲ್ಲೇ ಚಿಮುಕಿಸುತ್ತಾರೆ. ಜಾಸ್ತಿ ನೀರು ಬಿದ್ದರೆ ಎಲೆ ಕೊಳೆಯುತ್ತದೆ, ಕಡಿಮೆಯಾದರೆ ಬಾಡುತ್ತದೆ. ಏಪ್ರಿಲ್ ಬಿಸಿಲಲ್ಲೂ ಹನ್ನೊಂದು ಗಂಟೆಯವರೆಗೆ ಅವರ ಸೊಪ್ಪು ಹೊಲದಿಂದ ಈಗ ಕಿತ್ತ ಹಾಗೆ ಇರುತ್ತದೆ. ಒಂದು ಯೂನಿಟ್ ಕರೆಂಟ್ ಖರ್ಚಿಲ್ಲ.

ಸೊಪ್ಪು ಕಟ್ಟುವುದು ಬಾಳೆನಾರಿನಲ್ಲಿ. ಅಲ್ಲೇ ಸುತ್ತಮುತ್ತ ಹೂವಿನವರೂ ಅಷ್ಟೆ, ಮೊಳ ಅಳೆದ ಮಲ್ಲಿಗೆಯನ್ನು ಬಾಳೆಎಲೆಯ ತುಂಡಿನಲ್ಲಿ ಸುತ್ತಿ ಅದೇ ನಾರಿನಲ್ಲಿ ಬಿಗಿಯುತ್ತಾರೆ. ಪ್ಲಾಸ್ಟಿಕ್ ಕೈಚೀಲ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಯಿತು. ಹಾಗಂತ ಬೀದಿಯಿಂದ ಪೂರ್ತಿ ಹೋಗಿಲ್ಲ, ತರಕಾರಿ ಗಾಡಿಗಳಲ್ಲಿ ತೆಳು ಕವರು ಇನ್ನೂ ಇದೆ, ಕೊಳ್ಳುವ ನಾವು ಚೀಲ ತರದೆ ಹೋದರೆ ಅವರು ಏನು ಮಾಡಬೇಕು ಅನ್ನುವುದೂ ಇದೆ. ಆದರೆ ಬಾಳೆನಾರು ಯಾವ ಕಾನೂನಿಗೂ ಕಾದು ಬಂದದ್ದಲ್ಲ, ಅಲ್ವಾ?

ಸೊಪ್ಪಿನವ್ವ ಬರುವುದು ವರುಣಾ ಕಡೆಯ ಒಂದು ಹಳ್ಳಿಯಿಂದ. ಹಿಂದಿನ ದಿನ ಸಂಜೆ ಸೊಪ್ಪು ಕಿತ್ತು, ಬೇರಿನ ಮಣ್ಣು ತೊಳೆದು, ರಾತ್ರಿ ಕೂತು ಕಟ್ಟು ಕಟ್ಟುತ್ತಾರೆ. ಬೆಳಿಗ್ಗೆ ಮೊದಲ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಬಸ್ ಚಾರ್ಜು ಉಳಿಯುತ್ತಿದೆ. “ಆ ದುಡ್ಡಲ್ಲಿ ಬೆಳಿಗ್ಗೆ ಒಂದ್ ಪ್ಲೇಟ್ ಇಡ್ಲಿ ತಿಂತೀನಿ ಕಣವ್ವ. ಮುಂಚೆ ಮಧ್ಯಾಹ್ನದಗಂಟ ಬರೀ ಟೀ” ಅಂದಿದ್ದರು ಒಂದು ಸಲ. ಮೊದಮೊದಲು ನನ್ನನ್ನು ಮೇಡಮ್ಮೋರೆ ಅನ್ನುತ್ತಿದ್ದರು. ಯಾವಾಗ ‘ಕಣವ್ವ’ ಆಯಿತೋ ಗೊತ್ತಿಲ್ಲ.

ಅವರ ಹತ್ತಿರ ಸಿಗುವುದು ಬರೀ ದಂಟು, ಮೆಂತ್ಯ, ಪಾಲಕ್ ಅಲ್ಲ. ಕಿರಕಸಾಲೆ ಇರುತ್ತದೆ, ಅಣ್ಣೆ ಸೊಪ್ಪು ಇರುತ್ತದೆ, ಹೊನಗೊನೆ, ಗಣಿಕೆ, ಚಕ್ಕೋತ. ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ತಾನಾಗಿ ಎದ್ದ ನಾಲ್ಕಾರು ಜಾತಿ ಸೇರಿಸಿದ ಬೆರಕೆ ಸೊಪ್ಪು ಇರುತ್ತದೆ. ಮೈಸೂರು, ಮಂಡ್ಯ ಕಡೆಯವರಿಗೆ ಹೇಳಬೇಕಿಲ್ಲ, ಬೆರಕೆ ಸೊಪ್ಪು ಇಲ್ಲದೆ ಮಸ್ಸೊಪ್ಪಿಗೆ ಆ ರುಚಿ ಬರುವುದಿಲ್ಲ. ಇದನ್ನು ಯಾರೂ ಬಿತ್ತುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ದೊಡ್ಡ ಅಂಗಡಿಯ ಕಂಪ್ಯೂಟರಿನಲ್ಲಿ ಇದಕ್ಕೊಂದು ಕೋಡ್ ಇರುವುದಿಲ್ಲ. ಕೋಡ್ ಇಲ್ಲದ್ದು ಅಲ್ಲಿ ಮಾರಾಟವಾಗುವುದಿಲ್ಲ. ಅವ್ವನಂಥವರು ಮಂಕರಿಯಲ್ಲಿ ಹೊತ್ತು ತರುವುದು ನಿಂತರೆ ಈ ಸೊಪ್ಪು ಪೇಟೆಯ ಅಡುಗೆಮನೆಯಿಂದ ಹೋಗುತ್ತದೆ. ಆಮೇಲೆ ಗುರುತು ಹಿಡಿಯುವವರೂ ಹೋಗುತ್ತಾರೆ. ನನ್ನ ಮಗಳಿಗೆ ಅಣ್ಣೆ ಸೊಪ್ಪು ಯಾವುದು ಅಂತ ಗೊತ್ತಿಲ್ಲ. ಅದು ಅವಳ ತಪ್ಪಲ್ಲ, ನಾನು ಭಾನುವಾರ ಗಾಡಿ ತೆಗೆದುಕೊಂಡು ಹೋಗುತ್ತಿದ್ದೆನಲ್ಲ.

ಬೆಲೆಯ ವಿಷಯ ಹೇಳಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳಿಗೆ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಏಳು ಗಂಟೆಗೆ ಕಟ್ಟಿಗೆ 20 ರೂಪಾಯಿ. ವಾಕಿಂಗ್ ಮುಗಿಸಿ ಬರುವವರು, ನನ್ನಂಥವರು ಆಗ ಕೊಳ್ಳುತ್ತೇವೆ. ಹತ್ತರ ಹೊತ್ತಿಗೆ 15. ಹನ್ನೆರಡಕ್ಕೆ ಮೂರು ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಮನೆಗೆ ಹೊರಡುವ ಹೆಂಗಸರು ಅದೇ ದಾರಿಯಲ್ಲಿ ಬರುತ್ತಾರೆ. ಅವರಿಗೆ 10 ರೂಪಾಯಿ, ಕೆಲವು ದಿನ ಮೂರು ಕಟ್ಟಿಗೆ 20. ಅದೇ ಸೊಪ್ಪು. ಸ್ವಲ್ಪ ಬಾಡಿರುತ್ತದೆ, ಅಷ್ಟೆ. ಒಂದು ಗಂಟೆಗೆ ಉಳಿದದ್ದು, ಉದುರಿದ ಎಲೆ, ಎಲ್ಲ ಪಕ್ಕದ ರಸ್ತೆಯಲ್ಲಿ ಹಸು ಕಟ್ಟಿರುವವರಿಗೆ. ಅವ್ವನ ಜಾಗದಲ್ಲಿ ಬಿಸಾಡಲು ಏನೂ ಉಳಿದಿರುವುದಿಲ್ಲ. ಒಂದೇ ಬೀದಿಯಲ್ಲಿ, ಒಂದೇ ಟಾರ್ಪಾಲಿನ ಮೇಲೆ, ನನ್ನ ಮನೆಗೂ ನಮ್ಮ ಮನೆಯಲ್ಲಿ ಕೆಲಸ ಮಾಡುವವಳ ಮನೆಗೂ ಅವರವರ ಕೈಗೆ ಎಟಕುವ ಬೆಲೆಯಲ್ಲಿ ಸೊಪ್ಪು ಸಿಗುತ್ತದೆ. ಇದನ್ನು ಯಾವ ಸರ್ಕಾರವೂ ಯೋಜನೆ ಮಾಡಿ ತಂದದ್ದಲ್ಲ.

ಚೌಕಾಸಿ ಮಾಡುವವರನ್ನು ನೋಡುತ್ತೇನೆ. ಕಾರಿನ ಗಾಜು ಇಳಿಸಿ, ಕೆಳಗೂ ಇಳಿಯದೆ, 20ರ ಕಟ್ಟನ್ನು 12ಕ್ಕೆ ಕೇಳುತ್ತಾರೆ. ಅವ್ವ ಬೆಲೆ ಇಳಿಸುವುದಿಲ್ಲ, ನಾಲ್ಕು ಎಸಳು ಕೊತ್ತಂಬರಿ ಕೊಸರು ಹಾಕಿ ಕೊಡುತ್ತಾರೆ. ಬೋಣಿ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಅವರ ನಂಬಿಕೆ. ನನಗೆ ಕಾರಿನವರ ಮೇಲೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ಅವ್ವ ಮಂಕರಿ ಎತ್ತಿಕೊಂಡು ಹೋದ ಮೇಲೆ ಆ ಮರದ ನೆರಳಿಗೆ ಚಪ್ಪಲಿ ಹೊಲಿಯುವ ಅಣ್ಣ ಬಂದು ಕೂರುತ್ತಾರೆ. ಬೆಳಿಗ್ಗೆ ಅವರು ಎದುರುಗಡೆ ಇರುತ್ತಾರೆ, ಮಧ್ಯಾಹ್ನ ಅಲ್ಲಿ ಬಿಸಿಲು. ನನ್ನ ಒಂದು ಜೊತೆ ಚಪ್ಪಲಿಗೆ ಅವರು ಮೂರು ಸಲ ಹೊಲಿಗೆ ಹಾಕಿದ್ದಾರೆ. ಕೊಡೆಯ ಕಡ್ಡಿ, ಬ್ಯಾಗಿನ ಜಿಪ್ಪು, ಮೊಮ್ಮಗನ ಸ್ಕೂಲ್ ಬ್ಯಾಗಿನ ಪಟ್ಟಿ, ಎಲ್ಲ ಅವರ ಕೈಯಲ್ಲೇ ರಿಪೇರಿ. ಅವರಿಲ್ಲದಿದ್ದರೆ ಇವೆಲ್ಲ ಕಸದ ಗಾಡಿಗೆ ಹೋಗಿ, ನಾನು ಹೊಸದನ್ನು ತಂದಿರುತ್ತಿದ್ದೆ. ನಮ್ಮ ಊರು 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅನ್ನಿಸಿಕೊಂಡಿತು. ಕಸ ವಿಂಗಡಿಸಿದ ಮನೆಯವರಿಗೆ, ಪೌರಕಾರ್ಮಿಕರಿಗೆ ಅದರ ಹೆಸರು ಸಲ್ಲಬೇಕು, ಸಂದಿದೆ. ಕಸ ಆಗದ ಹಾಗೆ ನೋಡಿಕೊಂಡ ಈ ಸೂಜಿ ದಾರದವರಿಗೂ ಅದರಲ್ಲಿ ಪಾಲಿದೆ ಅಂತ ನನಗೆ ಅನ್ನಿಸುತ್ತದೆ.

ಐದು ಗಂಟೆಗೆ ಅದೇ ಜಾಗಕ್ಕೆ ಚುರುಮುರಿ ಗಾಡಿ. ಹುಡುಗ ಗಾಡಿಗೊಂದು ಬ್ಯಾಟರಿ ಲೈಟ್ ಕಟ್ಟುತ್ತಾನೆ. ಈರುಳ್ಳಿ, ಕ್ಯಾರೆಟ್ ತುರಿ, ಮಾವಿನಕಾಯಿ ಕಾಲದಲ್ಲಿ ಮಾವಿನಕಾಯಿ, ಖಾರ, ಕೊಬ್ಬರಿ ಎಣ್ಣೆ. ರಾತ್ರಿ ಒಂಬತ್ತೂವರೆವರೆಗೆ ಇರುತ್ತಾನೆ. ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಾಳೆ, ಬರುವಾಗ ಒಂಬತ್ತಾಗುತ್ತದೆ. ಒಂದು ವಾರ ಆ ಹುಡುಗ ಊರಿಗೆ ಹೋಗಿದ್ದ. ಆ ವಾರ ಪೂರ್ತಿ ಇವಳು ಬಸ್ ಸ್ಟಾಪಿನಿಂದ ಆಟೋದಲ್ಲಿ ಬಂದಳು. ಯಾಕೆ ಅಂತ ಕೇಳಿದೆ. “ಚುರುಮುರಿ ಗಾಡಿ ಇದ್ರೆ ನಡ್ಕೊಂಡ್ ಬರ್ತೀನಿ ದೊಡ್ಡಮ್ಮ. ಇಲ್ಲಾಂದ್ರೆ ಆ ತಿರುವಿನಲ್ಲಿ ಯಾರೂ ಇರಲ್ಲ” ಅಂದಳು. ಅಲ್ಲಿ ಬೀದಿದೀಪ ಇದೆ. ಆದರೂ ಅವಳಿಗೆ ಬೇಕಾಗಿದ್ದು ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಅನ್ನುವುದು.

ನಾಲ್ಕಡಿ ಅಗಲ, ಆರಡಿ ಉದ್ದದ ಜಾಗ. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಒಂದು ಮನೆ, ಸಂಜೆ ಒಂದು ಮನೆ ಅದರಿಂದ ನಡೆಯುತ್ತದೆ. ಇವರಲ್ಲಿ ಯಾರೂ ಇನ್ನೊಬ್ಬರ ಹೊತ್ತಿಗೆ ಬಂದದ್ದನ್ನು ನಾನು ನೋಡಿಲ್ಲ.

ಈ ಜಾಗದ ಬೆಲೆ ಎಷ್ಟು ಅಂತ ನನಗೆ ಗೊತ್ತಾಗಿದ್ದು ಹೂವಿನ ಅಕ್ಕನಿಂದ. ಅವರು ಸರ್ಕಲ್ ಹತ್ತಿರ, ದೇವಸ್ಥಾನಕ್ಕೆ ಹೋಗುವ ತಿರುವಿನಲ್ಲಿ ಕೂರುತ್ತಿದ್ದರು. ರಸ್ತೆ ಕೆಲಸ ಶುರುವಾದಾಗ ಅವರನ್ನೂ ಇನ್ನು ಕೆಲವರನ್ನೂ ಇನ್ನೂರು ಮುನ್ನೂರು ಹೆಜ್ಜೆ ಆಚೆ, ಒಂದು ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಕಳಿಸಿದರು. ಜಾಗ ಚೆನ್ನಾಗಿತ್ತು. ನೆಲಕ್ಕೆ ಸಿಮೆಂಟು, ತಲೆ ಮೇಲೆ ಶೀಟು, ಪಕ್ಕದಲ್ಲಿ ನಲ್ಲಿ. ನಾನೂ ಒಳ್ಳೆಯದಾಯಿತು ಅಂದುಕೊಂಡೆ. ಒಂದು ತಿಂಗಳಲ್ಲಿ ಅಕ್ಕನ ವ್ಯಾಪಾರ ಅರ್ಧಕ್ಕಿಂತ ಕೆಳಗೆ ಬಂತು. “ಹೂವ ಯಾರೂ ಹುಡುಕ್ಕೊಂಡು ಬರಲ್ಲಮ್ಮ. ಗುಡಿಗೆ ಹೋಗೋರು ಕಣ್ಣಿಗೆ ಬಿದ್ರೆ ತಗೋತಾರೆ, ಬೀಳ್ದಿದ್ರೆ ಹಾಗೇ ಹೋಗಿ ಕೈಮುಗೀತಾರೆ” ಅಂದರು. ಮೂರು ತಿಂಗಳಿಗೆ ಶೀಟಿನ ಕೆಳಗೆ ಒಬ್ಬರೂ ಇರಲಿಲ್ಲ. ಈಗ ಅಲ್ಲಿ ಬೈಕು ನಿಲ್ಲುತ್ತವೆ. ಅಕ್ಕ ಮನೆಮನೆಗೆ ಹೂವು ಹಾಕುತ್ತಾರೆ, ದಿನಕ್ಕೆ ಎಷ್ಟು ದೂರ ನಡೆಯುತ್ತಾರೋ.

ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತವರು ಗಣಪತಿ ಗುಡಿ, ಸ್ಕೂಲ್ ಗೇಟು ಅಂತ ಹೇಳಿದ್ದು ಯಾಕೆ ಅಂತ ಆಗ ಹೊಳೆಯಿತು. ನಾನು ಅವರ ವಿಳಾಸ ಕೇಳಿದ್ದೆ. ಅವರು ತಮ್ಮ ಬಂಡವಾಳ ಯಾವುದು ಅಂತ ಹೇಳಿದ್ದರು. ಹತ್ತು ಸಾವಿರದ ಸರಕು ಯಾರು ಬೇಕಾದರೂ ತರಬಹುದು. ಗುಡಿಗೆ ನಡೆದು ಹೋಗುವ ಜನ, ಸ್ಕೂಲ್ ಬಿಟ್ಟಾಗ ಹೊರಬರುವ ಮಕ್ಕಳು, ಆ ದಾರಿ, ಆ ಹೊತ್ತು, ಇದೇ ಅವರ ಅಂಗಡಿ. ಅದನ್ನು ಮುನ್ನೂರು ಹೆಜ್ಜೆ ಆಚೆ ಎತ್ತಿಡಲು ಆಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ಇದು ನಿಜ. ಜನ ನಡೆಯುವ ಕಡೆ ಮಾತ್ರ ಈ ವ್ಯಾಪಾರ ಬದುಕುತ್ತದೆ. ವ್ಯಾಪಾರ ಇರುವ ಕಡೆ ಜನ ನಡೆಯುತ್ತಾರೆ. ಸ್ಕೂಟರ್ ಇದ್ದಾಗ ನಾನು ಒಂದು ಕಟ್ಟು ಕರಿಬೇವಿಗೆ ಗಾಡಿ ತೆಗೆಯುತ್ತಿದ್ದೆ. ಈಗ ಹೊರಗೆ ಹೋದರೆ ಸೊಪ್ಪು, ಹೂವು, ಎರಡು ಮಾತು, ಚಪ್ಪಲಿಗೊಂದು ಹೊಲಿಗೆ, ಎಲ್ಲ ಒಂದೇ ದಾರಿಯಲ್ಲಿ. ಪೆಟ್ರೋಲು, ಹೊಗೆ, ಪಾರ್ಕಿಂಗ್ ಅಂತ ನಾವು ಎಷ್ಟು ಮಾತಾಡುತ್ತೇವೆ. ನಡೆಯುವ ದೂರದಲ್ಲಿ ಮನೆಗೆ ಬೇಕಾದ್ದು ಸಿಕ್ಕರೆ ಗಾಡಿ ತೆಗೆಯುವ ಮನಸ್ಸೇ ಬರುವುದಿಲ್ಲ. ಮೈಸೂರಿನ ಹಳೆಯ ಬಡಾವಣೆಗಳು ಹೀಗೇ ಇದ್ದವು. ಊರ ನಡುವೆ ದೇವರಾಜ ಮಾರ್ಕೆಟ್ಟು, ಒಂದು ಕಡೆ ಮಂಡಿ ಮಾರ್ಕೆಟ್ಟು, ಇನ್ನೊಂದು ಕಡೆ ವಾಣಿವಿಲಾಸ ಮಾರ್ಕೆಟ್ಟು, ಮಧ್ಯೆ ಬೀದಿಬೀದಿಯಲ್ಲಿ ಮಂಕರಿ, ತಳ್ಳುಗಾಡಿ. ದೇವರಾಜ ಮಾರ್ಕೆಟ್ಟಿನ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಆ ಕಟ್ಟಡ ಉಳಿಸಬೇಕೋ ಕೆಡವಬೇಕೋ ಅಂತ ವರ್ಷಗಟ್ಟಲೆ ಚರ್ಚೆ ಆಯಿತು, ಆಗಲೇಬೇಕಿತ್ತು. ಹೊರವರ್ತುಲ ರಸ್ತೆಯ ಕಡೆ ಎದ್ದ ಹೊಸ ಬಡಾವಣೆಗಳಲ್ಲಿ ಸೊಪ್ಪಿನವ್ವ ಎಲ್ಲಿ ಕೂರಬೇಕು ಅನ್ನುವ ಚರ್ಚೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಅಲ್ಲಿ ಸೈಟು ಇದೆ, ಪಾರ್ಕ್ ಇದೆ, ನಲವತ್ತಡಿ ರಸ್ತೆ ಇದೆ. ನನ್ನ ಅಣ್ಣನ ಮನೆ ಅಲ್ಲೇ. ಹಸಿಮೆಣಸಿನಕಾಯಿ ಮುಗಿದರೆ ಅತ್ತಿಗೆ ಮೊಬೈಲಿನಲ್ಲಿ ಆರ್ಡರ್ ಹಾಕುತ್ತಾರೆ, ಹುಡುಗನೊಬ್ಬ ಬೈಕಿನಲ್ಲಿ ತಂದು ಕೊಡುತ್ತಾನೆ.

ಒಂದು ದಸರಾಕ್ಕೆ ಹದಿನೈದು ದಿನ ಮುಂಚೆ ನಾನು ಕಿರಕಸಾಲೆ ಆರಿಸುತ್ತಾ ನಿಂತಿದ್ದೆ. ಒಂದು ಲಾರಿ ಬಂದು ನಿಂತಿತು. ಇಳಿದವರು ಜಾಸ್ತಿ ಮಾತಾಡಲಿಲ್ಲ. ಟಾರ್ಪಾಲಿನ ನಾಲ್ಕು ಮೂಲೆ ಸೇರಿಸಿ, ಒಳಗಿದ್ದ ಸೊಪ್ಪಿನ ಸಮೇತ ಗಂಟು ಮಾಡಿ ಲಾರಿಗೆ ಎಸೆದರು. ತಕ್ಕಡಿಯೂ ಹೋಯಿತು. ಅವ್ವ ಕೈಯಲ್ಲಿದ್ದ ಚೊಂಬು ಹಿಡಿದುಕೊಂಡು ನಿಂತಿದ್ದರು. ಅಳಲಿಲ್ಲ. ನಾನು ಏನೋ ಕೂಗಿದೆ. “ಮೇಡಂ, ನಿಮಗೆ ಸಂಬಂಧ ಇಲ್ಲ, ಮೇಲಿಂದ ಆರ್ಡರ್” ಅಂದರು. ಲಾರಿ ಹೋದ ಮೇಲೆ ನನ್ನ ಕೈಯಲ್ಲಿ ದುಡ್ಡು ಕೊಡದ ಒಂದು ಕಟ್ಟು ಸೊಪ್ಪು ಇತ್ತು. ಆ ದಿನ ಅವ್ವನ ಹತ್ತಿರ ಉಳಿದದ್ದು ಅದೊಂದೇ.

ಅವತ್ತು ಮಧ್ಯಾಹ್ನ ಕೂತು ಬೀದಿ ವ್ಯಾಪಾರಿಗಳ ಕಾಯ್ದೆ ಓದಿದೆ. 2014ರ ಕಾಯ್ದೆ, ಅದೇ ವರ್ಷ ಮೇ 1ರಿಂದ ಜಾರಿಯಲ್ಲಿದೆ. ಎರಡನೇ ಸಲ ಓದುವಾಗ ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆದೆ. ಊರಿನ ಎಲ್ಲ ಬೀದಿ ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಬೇರೆ ಕಡೆ ಕಳಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಮಾಡಿ ಕೈಗೆ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳಲು ಊರಿಗೊಂದು ಪಟ್ಟಣ ಮಾರಾಟ ಸಮಿತಿ. ಅದರಲ್ಲಿ ಕನಿಷ್ಠ ಶೇಕಡ 40 ಜನ ವ್ಯಾಪಾರಿಗಳೇ, ಅವರೇ ಚುನಾಯಿಸಿದವರು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ಊರಿನ ಜನಸಂಖ್ಯೆಯ ಶೇಕಡ 2.5ರಷ್ಟು ಮಂದಿಗೆ ಬೀದಿಯಲ್ಲಿ ಜಾಗ ಮಾಡಿಕೊಡಲು ಯೋಜನೆ ಇರಬೇಕು. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನ ಸುಮಾರು 9 ಲಕ್ಷ. ಆ ಲೆಕ್ಕದಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಜಾಗ. ಐವತ್ತು ವರ್ಷಕ್ಕಿಂತ ಹಳೆಯ ಬೀದಿ ಸಂತೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಿ, ಅಲ್ಲಿಯವರನ್ನು ಕದಲಿಸಬಾರದು ಅನ್ನುವುದೂ ಇದೆ. ಇದಕ್ಕೂ ಮೊದಲೇ, 1989ರಲ್ಲಿ ದೆಹಲಿಯ ಒಬ್ಬ ವ್ಯಾಪಾರಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ಮಾರುವುದೂ ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೇ ಬರುತ್ತದೆ, ಅದಕ್ಕೆ ತಕ್ಕ ನಿಯಮ ಮಾಡಬಹುದು ಅಂದಿತ್ತು.

ಮೂರನೇ ದಿನ ಅವ್ವ ಮತ್ತೆ ಬಂದರು. ಹಳೆಯ ಸೀರೆ ಹಾಸಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತು ಓದಿದ್ದನ್ನೆಲ್ಲ ಹೇಳಿದೆ. ಬೇಗ ಕೆಡುವ ಸಾಮಾನಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು ಅಂತ ಕಾನೂನಿದೆ ಅಂದೆ. ಅವರು ಕಟ್ಟು ಬಿಚ್ಚಿ ಹಳದಿ ಎಲೆ ತೆಗೆಯುತ್ತಾ ಇದ್ದವರು ತಲೆ ಎತ್ತಿದರು. “ಲಾರಿ ಮೇಲೆ ಬಿಸಿಲಲ್ಲಿ ಬಿದ್ದಿದ್ದು ಸಂಜೆಗೆ ಕೊಟ್ರೆ ಅದು ಸೊಪ್ಪಾಗಿರ್ತದಾ ಕಣವ್ವ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನು ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಸೊಪ್ಪಿನ ಆಯಸ್ಸು ಒದ್ದೆ ಗೋಣಿ ತೆಗೆದ ಕ್ಷಣದಿಂದ ಲೆಕ್ಕ.

ಫುಟ್‌ಪಾತ್ ನಡೆಯುವವರಿಗೆ ಅಲ್ವಾ ಅಂತ ನನ್ನ ಗೆಳತಿಯೊಬ್ಬರು ಕೇಳುತ್ತಾರೆ. ಅವರ ಯಜಮಾನರು ಪಾರ್ಶ್ವವಾಯು ಆದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಬ್ಬದ ಹಿಂದಿನ ದಿನ ನಂಜುಮಳಿಗೆಯಲ್ಲಿ ಬಾಳೆಕಂದು, ಚೆಂಡುಹೂವು, ಬೂದುಗುಂಬಳ ರಾಶಿ ಬಿದ್ದಾಗ ವಾಕರ್ ಇರಲಿ, ನಾನೇ ರಸ್ತೆಗೆ ಇಳಿದು ನಡೆಯುತ್ತೇನೆ. ಆಯುಧಪೂಜೆ ಮಾರನೇ ದಿನ ಮಾರಾಟವಾಗದ ಕಂದು, ಹೂವು ಅಲ್ಲೇ ಕೊಳೆಯುತ್ತಾ ಬಿದ್ದಿರುತ್ತದೆ. ಎಳನೀರು ಬುರುಡೆಯದ್ದೂ ಅದೇ ಪಾಡು. ಇದೆಲ್ಲ ಸರಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕೂರುವವರು ಗೆರೆಯೊಳಗೆ ಕೂರಬೇಕು, ನಡೆಯುವವರಿಗೆ ವಾಕರ್ ಹೋಗುವಷ್ಟು ದಾರಿ ಉಳಿಯಬೇಕು. ಆ ಗೆರೆಯನ್ನು ಅಲ್ಲಿ ಕೂರುವವರ ಜೊತೆ ಕೂತೇ ಎಳೆಯಬೇಕು, ಅದಕ್ಕೇ ತಾನೆ ಸಮಿತಿಯಲ್ಲಿ ಅವರಿಗೆ ಜಾಗ ಇಟ್ಟಿರುವುದು?

ಆದರೆ ಗೆಳತಿಗೆ ಒಂದು ಮಾತು ಹೇಳಿದ್ದೆ. ಒಂದು ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಅವರ ಮನೆಯಿಂದ ಸರ್ಕಲ್‌ವರೆಗೆ ನಡೆದೆವು. ಫುಟ್‌ಪಾತಿನಿಂದ ಎಲ್ಲೆಲ್ಲಿ ಕೆಳಗೆ ಇಳಿಯಬೇಕಾಯಿತು ಅಂತ ಎಣಿಸಿದೆವು. ಹದಿನಾಲ್ಕು ಕಡೆ. ಎಂಟು ಕಡೆ ಕಾರು, ಬೈಕು ಹತ್ತಿಸಿ ನಿಲ್ಲಿಸಿದ್ದರು. ಮೂರು ಕಡೆ ಮನೆಯವರು ಗೇಟಿಗೆ ಇಳಿಜಾರು ಕಟ್ಟಿಕೊಂಡಿದ್ದರು. ಒಂದು ಕಡೆ ಚಪ್ಪಡಿ ಒಡೆದಿತ್ತು. ಎರಡು ಕಡೆ ವ್ಯಾಪಾರದವರು. ಕಾರಿನವರನ್ನು ಎಬ್ಬಿಸಲು ಯಾವ ಲಾರಿಯೂ ಬಂದದ್ದನ್ನು ನಾವಿಬ್ಬರೂ ನೋಡಿಲ್ಲ.

ಮತ್ತೆ ಸಾಲದ ವಿಷಯಕ್ಕೆ ಬರುತ್ತೇನೆ. ಟಾರ್ಪಾಲು, ತಕ್ಕಡಿ, ಆ ದಿನದ ಸರಕು ಹೋದರೆ ಬೀದಿ ವ್ಯಾಪಾರಿ ಮಾರನೇ ದಿನ ಎಲ್ಲಿಗೆ ಹೋಗಬೇಕು? ಬಡ್ಡಿಯವರ ಹತ್ತಿರ. ಬೆಳಿಗ್ಗೆ 900 ಕೈಗೆ ಕೊಡುತ್ತಾರೆ, ಸಂಜೆ 1000 ಎಣಿಸಬೇಕು. ಮೀಟರ್ ಬಡ್ಡಿ ಅನ್ನುವುದು ಇದಕ್ಕೇ. ತಿಂಗಳೆಲ್ಲ ಹೀಗೇ ತಂದರೆ 900ರ ಮೇಲೆ ಬಡ್ಡಿಯೇ 3000 ಆಗುತ್ತದೆ. ನಮ್ಮ ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಅಂತ ಸಹಕಾರಿ ಬ್ಯಾಂಕುಗಳಿಂದ ಬಡ್ಡಿಯಿಲ್ಲದ ಸಾಲ ಕೊಡಲು ಶುರು ಮಾಡಿದ್ದು ಇದನ್ನು ತಪ್ಪಿಸಲು. ಸ್ವನಿಧಿಯಲ್ಲಿ ಈಗ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000. ನನ್ನ ಕೌಂಟರಿನಲ್ಲಿ ಸಾಲ ತೆಗೆದುಕೊಂಡವರಲ್ಲಿ ಎಷ್ಟೋ ಜನ ತಿಂಗಳ ಕಂತಿನ ದಿನ ಬೆಳಿಗ್ಗೆಯೇ ಬಂದು, ಹತ್ತರ ನೋಟು ಇಪ್ಪತ್ತರ ನೋಟು ನೀಟಾಗಿ ಜೋಡಿಸಿ ಕೊಡುತ್ತಿದ್ದರು. ಆ ನೋಟುಗಳಿಗೆ ಕೊತ್ತಂಬರಿ ವಾಸನೆ ಇರುತ್ತಿತ್ತು, ಮೀನಿನ ವಾಸನೆ ಇರುತ್ತಿತ್ತು.

ಅವ್ವ ಇದುವರೆಗೆ ಯಾವುದಕ್ಕೂ ಅರ್ಜಿ ಹಾಕಿರಲಿಲ್ಲ. “ನಮ್ಮಂಥೋರಿಗೆ ಯಾರು ಕೊಡ್ತಾರೆ” ಅನ್ನುತ್ತಿದ್ದರು. ಲಾರಿ ಬಂದು ಹೋದ ಮೇಲೆ ಅವರೇ ಕೇಳಿದರು. ಗುರುತಿನ ಚೀಟಿ ಇದ್ದರೆ ಇನ್ನೊಂದು ಸಲ ಬಂದಾಗ ತೋರಿಸಬಹುದಲ್ಲ ಅಂತ. ಕಳೆದ ಮಂಗಳವಾರ ಅರ್ಜಿ ತಂದೆ. ಒಂಬತ್ತೂವರೆಗೆ ಗಿರಾಕಿ ಕಡಿಮೆಯಾದ ಮೇಲೆ ಅವರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಬರೆಯಲು ಶುರು ಮಾಡಿದೆ. ಹೆಸರು, ಊರು, ಆಧಾರ್ ನಂಬರ್. ಮಾರುವ ವಸ್ತು, ಸೊಪ್ಪು. ವ್ಯಾಪಾರದ ಸ್ಥಳ.

“ಹೊಂಗೆಮರ ಅಂತ ಬರಿ” ಅಂದರು. ಹಾಗೇ ಬರೆದೆ. ರಸ್ತೆ ಹೆಸರನ್ನು ಅದರ ಕೆಳಗೆ ಹಾಕಿದೆ.

ಎಷ್ಟು ವರ್ಷದಿಂದ ಅಂತ ಮುಂದಿನ ಪ್ರಶ್ನೆ. ಅವರು ಬೆರಳು ಎಣಿಸಲಿಲ್ಲ. ತಿರುಗಿ ಮರ ನೋಡಿದರು. “ನನ್ ಕಿರಿಮಗ ಹೊಟ್ಟೇಲಿದ್ದಾಗ ಬಂದೆ. ಆಗ ಇದಿನ್ನೂ ಕಡ್ಡಿ, ನನ್ ಸೊಂಟದುದ್ದ ಇತ್ತು. ಸುತ್ತ ಮುಳ್ಳು ಕಟ್ಟಿದ್ರು. ಸೊಪ್ಪಿಗೆ ಹಾಕಿ ಉಳಿದ ನೀರನ್ನ ದಿನಾ ಇದಕ್ಕೇ ಸುರೀತಿದ್ದೆ.”

ನಾನೂ ತಲೆ ಎತ್ತಿ ನೋಡಿದೆ. ಕೊಂಬೆ ಎದುರು ಮನೆಯ ಎರಡನೇ ಮಹಡಿಯ ಕಿಟಕಿ ಮುಟ್ಟುತ್ತಿತ್ತು.

“ಕಿರಿಮಗನಿಗೆ ಈಗ ಎಷ್ಟವ್ವ?”

“ಬರೋ ಯುಗಾದಿಗೆ ಇಪ್ಪತ್ತೇಳು.”

27 ಅಂತ ಬರೆದೆ. ಅವರು ಹೆಬ್ಬೆಟ್ಟು ಒತ್ತಲು ಕೈ ಒರೆಸಿಕೊಂಡರು. ಎಷ್ಟು ಒರೆಸಿದರೂ ಬೆರಳಿನ ಹಸಿರು ಹೋಗಲಿಲ್ಲ. ಅಷ್ಟರಲ್ಲಿ ಯಾರೋ ಬಂದು ದಂಟು ಎಷ್ಟು ಅಂತ ಕೇಳಿದರು. ಅವ್ವ ಗೋಣಿಯ ಮೂಲೆ ಎತ್ತಿದರು.